ಕಿಡ್ ಕಾರವಾರಕ್ಕೂ ಬಂದಿದ್ದ: ವಾಪಿಂಗ್ ಬೀದಿಯಲ್ಲಿ ನಾಲ್ಕು ದಿನ

ಮೊದಲ ದಿನ

ತಂಗಿಯ ಮನೆ ಲಂಡನ್ನಿನ ದಕ್ಷಿಣಕ್ಕೆ, ಕ್ರಾಯ್ಡನ್‌ನಲ್ಲಿ. ನಾನು ಬಂದು ಒಂದು ವಾರ ಆಗಿತ್ತು. ಅರಮನೆ, ದೊಡ್ಡ ಗಡಿಯಾರ, ಆ ದೊಡ್ಡ ಚಕ್ರ ಎಲ್ಲ ಮುಗಿದಿತ್ತು. "ಅಣ್ಣಾ, ಇನ್ನೇನು ನೋಡ್ಬೇಕು ಹೇಳು" ಅಂದಳು. ವಾಪಿಂಗ್ ಅಂದೆ. ಹದಿನಾಲ್ಕು ವರ್ಷದಿಂದ ಇಲ್ಲಿದ್ದಾಳೆ, ಆ ಸ್ಟೇಷನ್ನಿನಲ್ಲಿ ಒಂದು ಸಲವೂ ಇಳಿದಿಲ್ಲವಂತೆ. "ಅಲ್ಲಿ ಏನಿದೆ?" ಅಂತ ಕೇಳಿದಳು. ಹೆಚ್ಚೇನೂ ಉಳಿದಿಲ್ಲವಂತೆ, ಅದಕ್ಕೇ ಹೋಗ್ಬೇಕು ಅಂದೆ. ಅವಳು ಒಲೆ ಕಡೆ ತಿರುಗಿಕೊಂಡಳು. ಕೊನೆಗೆ ಜೊತೆಗೆ ಸಿಕ್ಕಿದ್ದು ಅವಳ ಮಗ. ಹನ್ನೆರಡು ವರ್ಷ, ಶಾಲೆಗೆ ಆಗಸ್ಟ್ ರಜೆ, ಮನೆಯಲ್ಲಿದ್ದರೆ ಫೋನ್ ಬಿಡುವುದಿಲ್ಲ.

ನಾನು ಕಾರವಾರದವ. ನಮ್ಮ ಊರಿಗೂ ಈ ಬೀದಿಗೂ ಒಂದು ಹಳೇ ಸಂಬಂಧ ಇದೆ. ಅಷ್ಟೇನೂ ಮರ್ಯಾದಸ್ಥ ಸಂಬಂಧ ಅಲ್ಲ. 1697ರ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಡ್ ಎಂಬ ಕಪ್ತಾನ ತನ್ನ 'ಅಡ್ವೆಂಚರ್ ಗ್ಯಾಲಿ' ಹಡಗನ್ನು ಕಾರವಾರಕ್ಕೆ ತಂದ. ಅವನಿಗೆ ಕಟ್ಟಿಗೆ, ನೀರು ಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಆಗ ನಮ್ಮಲ್ಲಿತ್ತು, ಕಾಳುಮೆಣಸಿನ ವ್ಯಾಪಾರಕ್ಕೆ. ನಾನು ಕಡಲ್ಗಳ್ಳರನ್ನು ಹಿಡಿಯಲು ಬಂದವನು, ರಾಜನ ಸನ್ನದು ನನ್ನ ಹತ್ತಿರ ಇದೆ ಅಂತ ಕಿಡ್ ಕೋಠಿಯವರಿಗೆ ಹೇಳಿದ. ಅವನ ಹಡಗಿನಿಂದಲೇ ಓಡಿಹೋದ ಕೆಲವರು ಅದೇ ಕೋಠಿಗೆ ಹೋಗಿ, ಕಿಡ್ ತಾನೇ ಕಡಲ್ಗಳ್ಳ ಅಂತ ಬೇರೆ ಕಥೆ ಹೇಳಿದರು. ಐದು ತಿಂಗಳು ಕಳೆಯುವಷ್ಟರಲ್ಲಿ, 1698ರ ಜನವರಿಯಲ್ಲಿ, ಕೊಚ್ಚಿ ಕಡೆಯ ಕಡಲಿನಲ್ಲಿ 'ಕ್ವೆಡಾ ಮರ್ಚೆಂಟ್' ಎಂಬ ಹಡಗನ್ನು ಹಿಡಿದ. ಅದರಲ್ಲಿ ಆರ್ಮೇನಿಯನ್ ವ್ಯಾಪಾರಿಗಳ ಸರಕಿತ್ತು. 1701ರ ಮೇ 23ರಂದು ವಾಪಿಂಗ್‌ನಲ್ಲಿ, ಥೇಮ್ಸ್ ದಂಡೆಯಲ್ಲಿ, ಅವನನ್ನು ನೇಣಿಗೆ ಹಾಕಿದರು. ಮೊದಲ ಸಲ ಹಗ್ಗ ಹರಿಯಿತು, ಅವನು ಕೆಳಗೆ ಬಿದ್ದ, ಎಬ್ಬಿಸಿ ಮತ್ತೆ ಹಾಕಿದರು.

ಇಷ್ಟನ್ನು ರೈಲಿನಲ್ಲಿ ಹುಡುಗನಿಗೆ ಹೇಳಿದೆ. ಫೋನ್ ಜೇಬಿಗೆ ಹೋಯಿತು.

ವೆಸ್ಟ್ ಕ್ರಾಯ್ಡನ್‌ನಿಂದ ವಾಪಿಂಗ್‌ಗೆ ನೇರ ರೈಲು. ರೋದರ್‌ಹೈತ್ ಸ್ಟೇಷನ್ ಬಿಟ್ಟು ನದಿಯ ಕೆಳಗೆ ಹಾದು ಆಚೆ ದಂಡೆಯಲ್ಲಿ ಮೇಲೆ ಬಂದರೆ ಎದುರಿಗೇ ವಾಪಿಂಗ್ ಹೈ ಸ್ಟ್ರೀಟ್. ಹೈ ಸ್ಟ್ರೀಟ್ ಅಂದರೆ ಈ ದೇಶದಲ್ಲಿ ಪೇಟೆ ಬೀದಿ. ಅಂಗಡಿ, ಬ್ಯಾಂಕ್, ಬೇಕರಿ, ಕ್ಷೌರದಂಗಡಿ ಎಲ್ಲ ಇರಬೇಕು. ಇಲ್ಲಿ ಎರಡೂ ಕಡೆ ಇಟ್ಟಿಗೆ ಗೋಡೆ. ಐದಾರು ಅಂತಸ್ತಿನ ಗೋದಾಮುಗಳು, ನಡುವೆ ಇಕ್ಕಟ್ಟಾದ ಕಲ್ಲುಹಾಸಿನ ದಾರಿ, ಮಧ್ಯಾಹ್ನ ಹನ್ನೆರಡಕ್ಕೂ ಅರ್ಧ ನೆರಳು. ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ಹೋದಳು. ಅಷ್ಟೇ ಜನ. ನದಿ ಪಕ್ಕದಲ್ಲೇ ಇದೆ, ವಾಸನೆ ಬರುತ್ತದೆ, ಕಾಣುವುದಿಲ್ಲ.

ಇದೇ ಬೀದಿಯಲ್ಲಿ ಒಂದು ಕಾಲಕ್ಕೆ 36 ಪಬ್ ಇದ್ದವು ಅಂತ ಇಲ್ಲಿಯವರು ಹೇಳುತ್ತಾರೆ. ಈಗ ಬೀದಿಯಲ್ಲಿ ನಾವು ಕಂಡಿದ್ದು ಎರಡು.

ಮೊದಲು ಸಿಗುವುದಕ್ಕೆ ಹೆಸರೇ 'ಕ್ಯಾಪ್ಟನ್ ಕಿಡ್'. ನನಗೆ ಊರಿನವನೊಬ್ಬ ಸಿಕ್ಕಷ್ಟು ಖುಷಿ ಆಯಿತು. ಒಳಗೆ ಹಳೇ ಮರದ ತೊಲೆ, ಕಿಟಕಿಯ ಆಚೆ ನದಿ. ಆಮೇಲೆ ಓದಿ ನೋಡಿದರೆ ಪಬ್ ಶುರುವಾಗಿ ಅರ್ಧ ಶತಮಾನವೂ ಆಗಿಲ್ಲ, ಹಳೇ ಗೋದಾಮಿನ ಕಟ್ಟಡಕ್ಕೆ ಹೊಸದಾಗಿ ಇಟ್ಟ ಹೆಸರು. ಕಿಡ್ ಬದುಕಿದ್ದಾಗ ಈ ಬೀದಿಯಲ್ಲಿ ಕುಡಿದಿದ್ದರೆ ಅದು ಯಾವ ಪಬ್ಬೋ, ಅದು ಈಗ ಇಲ್ಲ. ಈ ತಮಾಷೆ ಬೀದಿ ಪೂರ್ತಿ ನಡೆಯುತ್ತದೆ. ಹಳೇ ಹೆಸರು ಇರುವಲ್ಲಿ ಹಳೇ ವಸ್ತು ಇಲ್ಲ, ಹಳೇ ವಸ್ತು ಇರುವಲ್ಲಿ ಹೆಸರು ಬೇರೆ.

ಮೂಲ 'ಟರ್ಕ್ಸ್ ಹೆಡ್' ಪಬ್ ಕೂಡ ಇದೇ ಬೀದಿಯಲ್ಲಿತ್ತು. ಗಲ್ಲಿಗೆ ಹೋಗುವವರಿಗೆ ಕೊನೆಯ ಬಿಯರ್ ಅಲ್ಲಿ ಕುಡಿಸುತ್ತಿದ್ದರಂತೆ. ಆ ಪಬ್ ಹೋಯಿತು. ಅದೇ ಹೆಸರಿನ ಇನ್ನೊಂದು ಕಟ್ಟಡ ಹಿಂದಿನ ಓಣಿಯಲ್ಲಿದೆ, ಅದೂ ಈಗ ಪಬ್ ಅಲ್ಲ, ಕಾಫಿ ತಿಂಡಿ ಸಿಗುವ ಜಾಗ. ಹೊಸ ದ್ವೀಪ ಹುಡುಕಿ ಕಡಲು ಸುತ್ತಿದ ಕ್ಯಾಪ್ಟನ್ ಕುಕ್ ಮದುವೆಯಾದ ಎಲಿಜಬೆತ್ ಬ್ಯಾಟ್ಸ್ ಇಲ್ಲಿನ 'ಬೆಲ್' ಪಬ್ಬಿನ ಮಾಲೀಕನ ಮಗಳು. ಮದುವೆ 1762ರಲ್ಲಿ. ಬೆಲ್ ಕೂಡ ಇಲ್ಲ.

"ಮಾಮಾ, ಒಂದೇ ರಸ್ತೆಗೆ ಅಷ್ಟು ಪಬ್ ಯಾಕೆ?" ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ನಾವಿಕರು ಕುಡಿಯುತ್ತಾರೆ, ಅದಕ್ಕೆ ಅಂತ ನಾನೂ ಅಂದುಕೊಂಡಿದ್ದೆ. ಪೂರ್ತಿ ಅದಲ್ಲ. ನ್ಯೂಕಾಸಲ್ ಕಡೆಯಿಂದ ಕಲ್ಲಿದ್ದಲು ಹಡಗಿನಲ್ಲಿ ಬರುತ್ತಿತ್ತು. ಅದನ್ನು ಇಳಿಸುವ ಕೂಲಿಗಳ ತಂಡ ಕಟ್ಟಿ ಕಳಿಸುತ್ತಿದ್ದವರು ಪಬ್ಬಿನವರೇ. ಕೆಲಸ ಬೇಕಾದರೆ ಅವನ ಪಬ್ಬಿಗೆ ಹೋಗಬೇಕು, ಹೋದ ಮೇಲೆ ಕುಡಿಯಬೇಕು, ಕುಡಿದದ್ದನ್ನು ಅವನು ಪುಸ್ತಕದಲ್ಲಿ ಬರೆದಿಟ್ಟು ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಬೆನ್ನು ಮುರಿಯೆ ಗೂಡೆ ಹೊತ್ತವನಿಗೆ ವಾರದ ಕೊನೆಗೆ ಕೈಗೆ ಬರುವುದು ಚಿಲ್ಲರೆ. ಅಂದರೆ ಪಬ್ ಅನ್ನುವುದು ಆಗ ಮೇಸ್ತ್ರಿಯ ಕಚೇರಿ, ಸಾಲದ ಅಂಗಡಿ, ಕೂಲಿ ಬಟವಾಡೆಯ ಜಾಗ, ಎಲ್ಲ. 1768ರಲ್ಲಿ ಕೂಲಿಗಳು ತಿರುಗಿಬಿದ್ದರು, ದೊಡ್ಡ ಗಲಾಟೆ ಆಯಿತು, ಏಳು ಜನರನ್ನು ನೇಣಿಗೆ ಹಾಕಿದರು. ಕಡಲ್ಗಳ್ಳರ ಹೆಸರಿನಲ್ಲಿ ಪಬ್ ಇದೆ. ಈ ಏಳು ಜನರ ಹೆಸರಿನಲ್ಲಿ ಏನಾದರೂ ಇದೆಯಾ ಅಂತ ಬೋರ್ಡು ಓದುತ್ತಾ ಹೋದೆ, ನನ್ನ ಕಣ್ಣಿಗೆ ಬೀಳಲಿಲ್ಲ.

ಸ್ವಲ್ಪ ಮುಂದೆ ಪೊಲೀಸ್ ಠಾಣೆ. ಇದು ನದಿ ಪೊಲೀಸರದ್ದು, 1798ರಲ್ಲಿ ಶುರುವಾಗಿದ್ದು, ಈಗಲೂ ದೋಣಿಗಳು ಇಲ್ಲಿಂದಲೇ ಹೊರಡುತ್ತವೆ. ಇದನ್ನು ಶುರು ಮಾಡಿಸಿದವರಲ್ಲಿ ಒಬ್ಬ, ಪ್ಯಾಟ್ರಿಕ್ ಕೊಲ್ಕುಹೌನ್, ನದಿ ಮೇಲೆ ಕೆಲಸ ಮಾಡುವ 33,000 ಜನರಲ್ಲಿ 11,000 ಮಂದಿ ಕಳ್ಳರು ಅಂತ ಲೆಕ್ಕ ಕೊಟ್ಟಿದ್ದ. ಅಷ್ಟು ಕರಾರುವಾಕ್ಕಾಗಿ ಹೇಗೆ ಎಣಿಸಿದನೋ. ಪೊಲೀಸರು ಬಂದ ವರ್ಷವೇ, ಅಕ್ಟೋಬರಿನಲ್ಲಿ, ಕಲ್ಲಿದ್ದಲು ಕೂಲಿಗಳು ಗುಂಪು ಕಟ್ಟಿ ಠಾಣೆಗೆ ಕಲ್ಲು ಹೊಡೆದರು. ಉದುರಿದ ಕಲ್ಲಿದ್ದಲನ್ನು ಮನೆಗೆ ಒಯ್ಯುವುದು ತಮ್ಮ ಹಕ್ಕು ಅಂತ ಅವರ ವಾದ, ಕಳ್ಳತನ ಅಂತ ಇವರ ವಾದ.

ಎರಡನೇ ಪಬ್ 'ಟೌನ್ ಆಫ್ ರಾಮ್ಸ್‌ಗೇಟ್'. ಇದು ನಿಜವಾಗಿ ಹಳೇದು. ಉದ್ದಕ್ಕೆ ಓಣಿಯ ಹಾಗಿದೆ, ಬೀದಿ ಕಡೆಯಿಂದ ಒಳಗೆ ಹೋದರೆ ಹಿಂದುಗಡೆ ನದಿಯ ಮೇಲೆ ತೆರೆದುಕೊಳ್ಳುತ್ತದೆ. ರಾಮ್ಸ್‌ಗೇಟ್ ಊರಿನ ಮೀನುಗಾರರು ಇದರ ಪಕ್ಕದ ಮೆಟ್ಟಿಲಿನಲ್ಲಿ ಮೀನು ಇಳಿಸುತ್ತಿದ್ದರು, ಅದಕ್ಕೆ ಈ ಹೆಸರು. ಹಿಂದೆ 'ರೆಡ್ ಕೌ', ಕೆಂಪು ಹಸು. ಸಿಕ್ಕಸಿಕ್ಕವರಿಗೆ ಗಲ್ಲು ಬರೆದ ನ್ಯಾಯಾಧೀಶ ಜೆಫ್ರೀಸ್, ರಾಜ ಓಡಿಹೋದ ಮೇಲೆ 1688ರಲ್ಲಿ ತಾನೂ ನಾವಿಕನ ವೇಷ ಹಾಕಿ ಓಡಲು ನೋಡಿ ಸಿಕ್ಕಿಬಿದ್ದದ್ದು ಇಲ್ಲೇ ಅಂತಾರೆ.

ಮೀನು, ಆಲೂಗಡ್ಡೆ ಕರಿದದ್ದು ತೆಗೆದುಕೊಂಡೆವು. ಇಪ್ಪತ್ತು ಪೌಂಡ್ ಹತ್ತಿರ ಆಯಿತು. ಕಾರವಾರದವನು ಮೀನಿನ ಬಗ್ಗೆ ಬಾಯಿ ಬಿಡಬಾರದು, ಸಂಬಂಧ ಕೆಡುತ್ತದೆ. ಮೀನು ತಾಜಾ ಇತ್ತು, ಹೊದಿಕೆ ಗರಿಗರಿ ಇತ್ತು. ಖಾರ? ಇಸೋಣ ಮೀನಿನ ತುಂಡಿಗೆ ಮೆಣಸಿನಪುಡಿ, ಹುಳಿ ಮೆತ್ತಿ ರವೆಯಲ್ಲಿ ಹೊರಳಿಸಿ ಕೊಟ್ಟರೆ ಈ ಪಬ್ಬಿನವರು ಏನಂತಾರೋ ಅಂತ ಯೋಚನೆ ಬಂತು, ಅಷ್ಟೇ.

ಪಬ್ಬಿನ ಪಕ್ಕದಲ್ಲಿ ಒಂದು ಸಂದಿ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಅದರ ತುದಿಗೆ ವಾಪಿಂಗ್ ಓಲ್ಡ್ ಸ್ಟೇರ್ಸ್. ಮೆಟ್ಟಿಲು ಅಂದರೆ ಇಲ್ಲಿ ಅಂಬಿಗರ ಕಟ್ಟೆ. ಆಗ ಸೇತುವೆ ಕಡಿಮೆ, ದೋಣಿಯೇ ಟ್ಯಾಕ್ಸಿ, ಅಂಬಿಗರು ಮೆಟ್ಟಿಲ ಮೇಲೆ ನಿಂತು ಗಿರಾಕಿಗಳನ್ನು ಕೂಗುತ್ತಿದ್ದರು. ನಾವು ಹೋದಾಗ ನೀರು ತುಂಬಿತ್ತು. ನಾಲ್ಕು ಮೆಟ್ಟಿಲು ಮಾತ್ರ ಹೊರಗೆ, ಉಳಿದದ್ದು ಕಂದು ನೀರಿನೊಳಗೆ. ನಾನು ಸುಮ್ನೆ ಒಂದು ಕಾಲಿಟ್ಟೆ. ಹಸಿರು ಪಾಚಿ, ಬೂಟು ಜಾರಿತು, ಒಂದು ಕಾಲು ಮೊಣಕಾಲಿನವರೆಗೆ ಥೇಮ್ಸ್‌ಗೆ ಹೋಗಿ ಬಂತು. ಕಡಲ ದಂಡೆಯಲ್ಲಿ ಹುಟ್ಟಿದವನು! ಹುಡುಗ ನಕ್ಕು ನಕ್ಕು ಗೋಡೆಗೆ ಒರಗಿದ. ಒದ್ದೆ ಬೂಟಿನಲ್ಲೇ ಮನೆ.

ಎರಡನೇ ದಿನ

ಮಳೆ. ನಮ್ಮ ಕಡೆಯ ಮಳೆ ಅಲ್ಲ, ನೆನೆಸಲೂ ಬಾರದ ಬಿಡಲೂ ಬಾರದ ಜಿನುಗು. ಬೂಟು ಇನ್ನೂ ಒಣಗಿರಲಿಲ್ಲ, ಭಾವನ ಬೂಟು ಹಾಕಿಕೊಂಡೆ, ಅದು ಒಂದು ಸೈಜು ದೊಡ್ಡದು.

ಹಾಗಾಗಿ ಜಾಸ್ತಿ ಓಡಾಡಲಿಲ್ಲ. ಟೊಬ್ಯಾಕೊ ಡಾಕ್ ಅಂತ ಹಳೇ ಹೊಗೆಸೊಪ್ಪಿನ ಗೋದಾಮು ಇದೆ, ಅಲ್ಲಿ ಹುಡುಗನಿಗೆ ತೋರಿಸಬೇಕಾದ ಒಂದು ವಿಗ್ರಹ ಇತ್ತು: ಹುಲಿ, ಅದರ ಮುಂದೆ ಒಬ್ಬ ಹುಡುಗ. ಈ ಜಾಗದ ಹತ್ತಿರ ಚಾರ್ಲ್ಸ್ ಜಾಮ್ರಾಕ್ ಎಂಬವನ ಪ್ರಾಣಿಗಳ ಅಂಗಡಿ ಇತ್ತು. ಬಂದರಿಗೆ ಬರುವ ನಾವಿಕರು ಗಿಣಿ, ಮಂಗ, ಏನು ಸಿಕ್ಕರೂ ತಂದು ಮಾರುತ್ತಿದ್ದರು, ಅವನು ಸರ್ಕಸ್‌ನವರಿಗೂ ಪ್ರಾಣಿ ಸಂಗ್ರಹಾಲಯದವರಿಗೂ ಮಾರುತ್ತಿದ್ದ. 1857ರಲ್ಲಿ ಒಂದು ಬಂಗಾಳದ ಹುಲಿ ಪೆಟ್ಟಿಗೆ ಮುರಿದು ಬೀದಿಗೆ ಬಂತು. ಎಂಟೊಂಬತ್ತು ವರ್ಷದ ಒಬ್ಬ ಹುಡುಗ, ದೊಡ್ಡ ಬೆಕ್ಕು ಅಂದುಕೊಂಡನೋ ಏನೋ, ಅದರ ಮೂಗು ಸವರಲು ಹೋದ. ಹುಲಿ ಅವನನ್ನು ಕಚ್ಚಿ ಎತ್ತಿಕೊಂಡು ಹೊರಟಿತು. ಜಾಮ್ರಾಕ್ ಓಡಿ ಬಂದು ಬಿಡಿಸಿದ, ಹುಡುಗ ಬದುಕಿದ.

"ಆಮೇಲೆ ಹುಲಿ?" ಅಂದ. ಮಾರಿದರು. ಅಂಗಡಿಯವನಲ್ವಾ.

ಆಮೇಲೆ 'ಪ್ರಾಸ್ಪೆಕ್ಟ್ ಆಫ್ ವಿಟ್ಬಿ'. ಇದು ಹೈ ಸ್ಟ್ರೀಟ್ ಮುಗಿದ ಮೇಲೆ, ವಾಪಿಂಗ್ ವಾಲ್ ಎಂಬ ಬೀದಿಯಲ್ಲಿ. 1520ರಿಂದ ಇದೆ ಅಂತ ಬೋರ್ಡು. ನೆಲಕ್ಕೆ ಹಳೇ ಚಪ್ಪಡಿ ಕಲ್ಲು, ಕೌಂಟರಿನ ಮೇಲೆ ತವರದ ಹೊದಿಕೆ, ಹಿಂದುಗಡೆ ನದಿಯ ಕಡೆ ಒಂದು ನೇಣಿನ ಕುಣಿಕೆ ತೂಗುಬಿಟ್ಟಿದ್ದಾರೆ. ಹಿಂದೆ ಇದಕ್ಕೆ ಜನ 'ಡೆವಿಲ್ಸ್ ಟ್ಯಾವರ್ನ್' ಅನ್ನುತ್ತಿದ್ದರು, ಕಳ್ಳಸಾಗಣೆಯವರ ಅಡ್ಡೆ. ಗಲ್ಲಿನ ಜಾಗ, ಎಕ್ಸಿಕ್ಯೂಷನ್ ಡಾಕ್, ನಿಖರವಾಗಿ ಎಲ್ಲಿತ್ತು ಅನ್ನುವುದಕ್ಕೆ ಈ ಮೂರೂ ಪಬ್‌ಗಳ ನಡುವೆ ಪೈಪೋಟಿ. ನಮ್ಮಲ್ಲಿ ಭೀಮ ಬಂದು ಹೋದ ಬಂಡೆ ಊರೂರಿಗೂ ಇದೆಯಲ್ಲ, ಹಾಗೆ. ಸತ್ತವರನ್ನು ಮೂರು ಉಬ್ಬರ ಅವರ ಮೇಲೆ ಹಾದುಹೋಗುವವರೆಗೆ ಅಲ್ಲೇ ಬಿಡುತ್ತಿದ್ದರು. ಕೊನೆಯ ಗಲ್ಲು 1830ರ ಡಿಸೆಂಬರಿನಲ್ಲಿ. ಕುಣಿಕೆಯ ಮುಂದೆ ಜನ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆದೆ, ಸುಳ್ಳು ಯಾಕೆ ಹೇಳಲಿ.

ಮೂರನೇ ದಿನ

ಬಿಸಿಲು. ಇವತ್ತು ವಾಪಿಂಗ್‌ಗಿಂತ ಒಂದು ಸ್ಟೇಷನ್ ಮೊದಲೇ, ರೋದರ್‌ಹೈತ್‌ನಲ್ಲಿ ಇಳಿದೆವು. ನದಿಯ ಈಚೆ ದಂಡೆ. ಇಲ್ಲೂ ದಂಡೆಗುಂಟ ಒಂದು ಬೀದಿ, ರೋದರ್‌ಹೈತ್ ಸ್ಟ್ರೀಟ್, ಲಂಡನ್ನಿನಲ್ಲೇ ಉದ್ದದ ಬೀದಿ ಅಂತ ಇದರವರ ಹೆಮ್ಮೆ.

ಎರಡೂ ದಂಡೆಗಳನ್ನು ಜೋಡಿಸುವ ಸುರಂಗದ ಕಥೆ ಇಲ್ಲಿನ ಬ್ರುನೆಲ್ ಮ್ಯೂಸಿಯಂನಲ್ಲಿದೆ. ಮಾರ್ಕ್ ಬ್ರುನೆಲ್ 1825ರಲ್ಲಿ ಶುರು ಮಾಡಿ 1843ರಲ್ಲಿ ಮುಗಿಸಿದ. ಹಡಗು ಓಡಾಡುವ ನದಿಯ ಅಡಿಯಲ್ಲಿ ಕೊರೆದ ಜಗತ್ತಿನ ಮೊದಲ ಸುರಂಗ. ಅಗೆಯುವಾಗ ಕುಸಿಯದಂತೆ ತಡೆಯಲು ಅವನು ಮಾಡಿದ ಕಬ್ಬಿಣದ ಚೌಕಟ್ಟಿನ ಯೋಚನೆ ಬಂದದ್ದು ಹಡಗಿನ ಮರ ಕೊರೆಯುವ ಹುಳದಿಂದ. ಕೊರೆಯುತ್ತಾ ಹೋಗುವಾಗ ಆ ಹುಳ ಹಿಂದಿನ ಬಿಲದ ಗೋಡೆಗೆ ಗಟ್ಟಿ ಲೇಪ ಹಾಕಿಕೊಂಡು ಹೋಗುತ್ತದೆ. ಇದನ್ನು ಓದಿ ನಿಂತುಬಿಟ್ಟೆ. ಈ ಹುಳಕ್ಕೆ ಹೆದರಿಯೇ ನಮ್ಮಲ್ಲಿ ದೋಣಿಯನ್ನು ದಂಡೆಗೆ ಎಳೆದು ಗೇರೆಣ್ಣೆ ಬಳಿಯುವುದು. ನಾವು ಎಣ್ಣೆ ಬಳಿದೆವು, ಅವನು ಸುರಂಗ ತೋಡಿದ.

ಆದರೆ ನನಗೆ ಹಿಡಿಸಿದ ಸಂಗತಿ ಬೇರೆ. ಗಾಡಿಗಳು ಇಳಿಯುವ ದಾರಿ ಕಟ್ಟಲು ದುಡ್ಡು ಸಾಲಲಿಲ್ಲ, ಹಾಗಾಗಿ ಸುರಂಗದಲ್ಲಿ ಬರೀ ನಡೆದು ಹೋಗುವವರು. ತಲೆಗೆ ಒಂದು ಪೆನ್ನಿ. ಮೊದಲ ದಿನವೇ 50,000 ಜನ. ಜನ ಬಂದಲ್ಲಿ ಅಂಗಡಿ ಬಾರದೆ ಇರುತ್ತದಾ? ಎರಡು ಕೊಳವೆಗಳ ನಡುವಿನ ಕಮಾನುಗಳಲ್ಲಿ ಸಾಲಾಗಿ ಅಂಗಡಿ ಇಟ್ಟರು. ಸುರಂಗದ ಚಿತ್ರ ಇರುವ ಆಟಿಕೆ, ಲೋಟ, ತಿಂಡಿ. ನದಿಯ ಅಡಿಯಲ್ಲಿ ಜಾತ್ರೆ ಪೇಟೆ! ದಿನ ಕಳೆದಂತೆ ಜನ ಕಡಿಮೆಯಾಗಿ, ಕಿಸೆಗಳ್ಳರು ಜಾಸ್ತಿಯಾಗಿ, ಕೊನೆಗೆ ರೈಲು ಕಂಪನಿ ಕೊಂಡುಕೊಂಡಿತು. 1869ರಿಂದ ರೈಲು. ನಾವು ಮೊನ್ನೆ ಬಂದದ್ದೂ ಆ ಅಂಗಡಿಗಳ ನಡುವೆಯೇ. ಮಾರನೇ ದಿನ ವಾಪಿಂಗ್‌ಗೆ ಹೋಗುವಾಗ ಹುಡುಗ ರೈಲಿನ ಕಿಟಕಿಗೆ ಮುಖ ಒತ್ತಿ ಕಮಾನು ಎಣಿಸಲು ನೋಡಿದ. ಕತ್ತಲು, ತನ್ನ ಮುಖ ಬಿಟ್ಟು ಏನೂ ಕಾಣಲಿಲ್ಲವಂತೆ.

'ಮೇಫ್ಲವರ್' ಪಬ್ ಅಲ್ಲೇ ಪಕ್ಕದಲ್ಲಿ. 1620ರಲ್ಲಿ ಅಮೆರಿಕಕ್ಕೆ ಹೋದ ಹಡಗು ಈ ದಂಡೆಯದ್ದು, ಅದರ ಕಪ್ತಾನ ಕ್ರಿಸ್ಟೋಫರ್ ಜೋನ್ಸ್‌ನನ್ನು ಎದುರಿನ ಸೇಂಟ್ ಮೇರಿ ಚರ್ಚಿನಲ್ಲಿ ಹೂಳಿದ್ದಾರೆ. ಪಬ್ಬಿಗೆ ಆ ಹೆಸರು ಬಂದದ್ದು ಮಾತ್ರ 1957ರಲ್ಲಿ. ನೋಡಿ, ಮತ್ತೆ ಅದೇ ತಮಾಷೆ. ಅದೇ ಚರ್ಚಿನ ಅಂಗಳದಲ್ಲಿ ಇನ್ನೊಂದು ಗೋರಿ ಇದೆ, ಅದರ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಶಾಂತಸಾಗರದ ಪಲಾವು ದ್ವೀಪದ ರಾಜಕುಮಾರ ಲೀ ಬೂ. 1783ರಲ್ಲಿ ಕಂಪನಿಯ ಹಡಗೊಂದು ಅವರ ದ್ವೀಪದಲ್ಲಿ ಒಡೆದುಹೋಯಿತು. ಅಲ್ಲಿನ ರಾಜ ಎಲ್ಲರನ್ನೂ ಉಳಿಸಿ, ಇಂಗ್ಲಿಷರ ವಿದ್ಯೆ ಕಲಿತು ಬರಲಿ ಅಂತ ಮಗನನ್ನು ಅವರ ಜೊತೆ ಕಳಿಸಿದ. ಹುಡುಗ ಇದೇ ರೋದರ್‌ಹೈತ್‌ನಲ್ಲಿ ಕಪ್ತಾನನ ಮನೆಯಲ್ಲಿದ್ದ. ಬಂದು ಆರು ತಿಂಗಳಾಗುವ ಮೊದಲೇ, 1784ರ ಡಿಸೆಂಬರಿನಲ್ಲಿ, ಸಿಡುಬು ಬಂದು ತೀರಿಕೊಂಡ. ಇಪ್ಪತ್ತು ವರ್ಷ. ಗೋರಿ ಕಟ್ಟಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ನಮ್ಮ ಕಡೆ ಆ ಕಂಪನಿ ಬೇರೆ ಬೇರೆ ಗೋರಿಗಳಿಗೆ ಕಾರಣ, ಇಲ್ಲಿ ಒಂದಕ್ಕೆ ಕಲ್ಲು ಹಾಕಿಸಿದೆ.

ಈ ಬೀದಿಯ ಹಿಂದೆ ಸರ್ರೆ ಡಾಕ್ಸ್ ಇತ್ತು, ಮರದ ಬಂದರು. ಉತ್ತರದ ದೇಶಗಳಿಂದ ಬಂದ ಹಲಗೆಗಳನ್ನು ಇಳಿಸಿ ರಾಶಿ ಹಾಕುವ ಹಮಾಲರು ಇದ್ದರು, ಡೀಲ್ ಪೋರ್ಟರ್ ಅಂತ. ಹೆಗಲ ಮೇಲೆ ಉದ್ದುದ್ದ ಹಲಗೆಗಳ ಹೊರೆ, ಅದು ಬಾಗಿ ಕುಣಿಯುವ ತಾಳಕ್ಕೆ ಸರಿಯಾಗಿ ಹೆಜ್ಜೆ, ಕಾಲಡಿ ಇನ್ನೊಂದು ಕಿರಿದಾದ ಹಲಗೆ. ತಲೆಯಿಂದ ಕುತ್ತಿಗೆ, ಹೆಗಲವರೆಗೆ ಇಳಿಯುವ ಚರ್ಮದ ಟೋಪಿ ಹಾಕಿಕೊಳ್ಳುತ್ತಿದ್ದರು. ನಮ್ಮ ಮೀನು ಮಾರುವ ಹೆಂಗಸರು ಬುಟ್ಟಿಯ ಕೆಳಗೆ ಇಡುವ ಸಿಂಬೆಯ ಅಣ್ಣ ಅನ್ನಿ. ಕೆನಡಾ ವಾಟರ್‌ನ ಕೆರೆಯಲ್ಲಿ ಅವರ ಒಂದು ಶಿಲ್ಪ ಇದೆ. 1940ರ ಸೆಪ್ಟೆಂಬರ್ 7ರಂದು ಜರ್ಮನಿಯ ಬಾಂಬ್ ಬಿದ್ದು ಇಡೀ ಮರದ ರಾಶಿ ಉರಿಯಿತು. ಆದರೂ ಮತ್ತೆ ಕೆಲಸ ನಡೆಯಿತು.

ಬಂದರನ್ನು ಮುಗಿಸಿದ್ದು ಬಾಂಬಲ್ಲ, ಡಬ್ಬಿ. ಕಂಟೇನರ್. ಹಿಂದೆ ಒಂದು ಹಡಗು ಬಂದರೆ ಚೀಲ ಚೀಲ ಹೊತ್ತು ಇಳಿಸಲು ವಾರಗಟ್ಟಲೆ ನೂರಾರು ಜನ. ಡಬ್ಬಿ ಬಂದ ಮೇಲೆ ಒಂದು ಕ್ರೇನ್, ಕೆಲವೇ ಜನ. ಆ ದೊಡ್ಡ ಹಡಗು ಈ ಇಕ್ಕಟ್ಟಿಗೆ ಬರುವುದೂ ಇಲ್ಲ, ಸಮುದ್ರದ ಕಡೆಗೆ ಟಿಲ್ಬರಿಯಲ್ಲಿ ನಿಲ್ಲುತ್ತದೆ. ಸೇಂಟ್ ಕ್ಯಾಥರಿನ್ ಡಾಕ್ 1968ರಲ್ಲಿ ಮುಚ್ಚಿತು, ಲಂಡನ್ ಡಾಕ್ 1969ರಲ್ಲಿ, ಸರ್ರೆ 1970ರಲ್ಲಿ. ಮೂರೇ ವರ್ಷ. ಹಮಾಲರಿಲ್ಲ ಅಂದಮೇಲೆ ಪಬ್ಬಿಗೆ ಯಾರು ಬರಬೇಕು? ಕಾರವಾರ ಬಂದರಿನಲ್ಲಿ ನಮ್ಮ ಅಜ್ಜ ಹೇಳುತ್ತಿದ್ದ ಮಚವೆ ಎಂಬ ಸರಕಿನ ಹಾಯಿದೋಣಿಗಳೂ ಹೀಗೇ ಹೋದವು. ನಮ್ಮಲ್ಲಿ ಅದು ಲಾರಿ ಬಂದದ್ದಕ್ಕೆ.

ಸಂಜೆ ನಡೆದುಕೊಂಡೇ ಶಾಡ್ ಥೇಮ್ಸ್ ತನಕ ಹೋದೆವು. ಬಟ್ಲರ್ಸ್ ವಾರ್ಫ್, 1873ರ ಗೋದಾಮುಗಳು, ಬೀದಿಯ ಮೇಲೆ ಅಡ್ಡಡ್ಡ ಕಬ್ಬಿಣದ ಕಾಲುಸೇತುವೆಗಳು. ಈಗ ಶ್ರೀಮಂತರ ಫ್ಲ್ಯಾಟು, ಊಟದ ಹೋಟೆಲು. ಕಟ್ಟಡಗಳಿಗೆ ಸಾಂಬಾರ ಪದಾರ್ಥದ ಹೆಸರು: ದಾಲ್ಚಿನ್ನಿ, ಏಲಕ್ಕಿ, ಲವಂಗ, ವೆನಿಲಾ. ಗೋದಾಮು ಮನೆಯಾದ ಮೇಲೂ ಎಷ್ಟೋ ವರ್ಷ ಗೋಡೆಯಿಂದ ಮಸಾಲೆ ವಾಸನೆ ಬರುತ್ತಿತ್ತಂತೆ. ಹುಡುಗ ಇಟ್ಟಿಗೆಗೆ ಮೂಗು ಇಟ್ಟು ನೋಡಿದ. "ಬರೀ ಗೋಡೆ ವಾಸನೆ, ಮಾಮಾ." ಕಾಳುಮೆಣಸಿನ ಹೆಸರಿನ ಕಟ್ಟಡ ನನಗೆ ಕಾಣಲಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದಿದ್ದರು, ಗೊತ್ತಾ ಅಂತ ಕೇಳಿದೆ. ಗೊತ್ತಿರಲಿಲ್ಲ. ಮನೆ ತಲುಪುವ ತನಕ ಅದೇ ಕಥೆ.

ನಾಲ್ಕನೇ ದಿನ

ಉಬ್ಬರ ಇಳಿತ ದಿನಕ್ಕೆ ಸುಮಾರು ಮುಕ್ಕಾಲು ಗಂಟೆ ಹಿಂದೆ ಬೀಳುತ್ತದೆ. ಮೊದಲ ದಿನ ಮಧ್ಯಾಹ್ನ ತುಂಬಿದ್ದ ನದಿ ಇವತ್ತು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪೂರ್ತಿ ಇಳಿದಿರಬೇಕು. ಮೊಬೈಲಿನಲ್ಲಿ ನೋಡಿದರೆ ಸರಿಯಾಗಿತ್ತು. ಕಡಲೂರಿನವನ ಮಾನ ಅಷ್ಟಾದರೂ ಉಳಿಯಿತು. ಏಳಕ್ಕೇ ಮನೆ ಬಿಟ್ಟೆವು. ಬೂಟು ನನ್ನದೇ.

ಅದೇ ಸಂದಿ, ಅದೇ ಮೆಟ್ಟಿಲು. ಮೊನ್ನೆ ನಾಲ್ಕು ಕಂಡಿದ್ದವು, ಇವತ್ತು ಕೆಳಗಿನವರೆಗೂ ಕಾಣುತ್ತಿತ್ತು. ಕಾರವಾರದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಆಳೆತ್ತರದ ವ್ಯತ್ಯಾಸ ಆದರೆ ಜಾಸ್ತಿ. ಇಲ್ಲಿ ಏಳು ಮೀಟರ್ ತನಕ ಏರಿಳಿಯುತ್ತದಂತೆ, ನಂಬಲು ಕೆಳಗಿಳಿದು ನೋಡಬೇಕು. ಮೆಟ್ಟಿಲಿನ ನಡುಭಾಗ ಸವೆದು ಬಟ್ಟಲಿನ ಹಾಗಾಗಿದೆ, ಆ ಬಟ್ಟಲಿನಲ್ಲಿ ನೀರು ನಿಂತಿದೆ. ಕೈ ಗೋಡೆಗೆ, ಕಾಲು ಅಡ್ಡಡ್ಡ ಇಟ್ಟು ಇಳಿದೆವು.

ಕೆಳಗೆ ಮರಳಲ್ಲ. ಕಲ್ಲು, ಇಟ್ಟಿಗೆ ಚೂರು, ಹೆಂಚಿನ ತುಂಡು, ತುಕ್ಕು ಹಿಡಿದ ಮೊಳೆ, ಪ್ರಾಣಿಗಳ ಮೂಳೆ, ಸಿಂಪಿ ಚಿಪ್ಪು. ಒಂದು ಊರು ನೂರಾರು ವರ್ಷ ತಿಂದು ಕುಡಿದು ಒಡೆದು ಎಸೆದದ್ದು. ಹುಡುಗ ಕೂತ ಕಡೆ ಒಂದು ಬಿಳಿ ಕೊಳವೆಯ ತುಂಡು ಬಿದ್ದಿತ್ತು. ಕಿರುಬೆರಳಿಗಿಂತ ಸಣ್ಣ, ಒಂದೂವರೆ ಇಂಚು ಉದ್ದ, ನಡುವೆ ಸೂಜಿ ಹೋಗುವಷ್ಟು ತೂತು. ಜೇಡಿಮಣ್ಣಿನ ಹೊಗೆಸೊಪ್ಪು ಕೊಳವೆ. ಪಬ್ಬಿನಲ್ಲಿ ಇದನ್ನು ಸೇದುತ್ತಿದ್ದರು, ತುದಿ ಮುರಿದರೆ ಎಸೆಯುವುದು. ನಮ್ಮ ಬೀಡಿ ತುಂಡು ಇದ್ದ ಹಾಗೆ, ಆದರೆ ಇದು ಕರಗುವುದಿಲ್ಲ. ಬಗ್ಗಿ ನೋಡಿದೆವು, ಅಲ್ಲೇ ಬಿಟ್ಟೆವು. ಇಲ್ಲಿ ಏನನ್ನೂ ಹುಡುಕಿ ತೆಗೆದುಕೊಂಡು ಹೋಗಲು ಬಂದರು ಮಂಡಳಿಯ ಪರವಾನಗಿ ಬೇಕು. ಹುಡುಗನಿಗೆ ಸ್ವಲ್ಪ ಬೇಜಾರಾಯಿತು. ಹೋಗುವಾಗ ಹಿಂದೆ ತಿರುಗಿ ಅದು ಎಲ್ಲಿದೆ ಅಂತ ಇನ್ನೊಂದು ಸಲ ಗುರುತು ಮಾಡಿಕೊಂಡ.

ಕೆಳಗಿನಿಂದ ನೋಡಿದಾಗಲೇ ಬೀದಿ ಅರ್ಥವಾಗುವುದು. ಮೇಲೆ ನಡೆಯುವಾಗ ನಾವು ಕಂಡದ್ದು ಇದರ ಬೆನ್ನು, ಮುಖ ಇರುವುದು ನದಿಗೆ. ಆಲಿವರ್ಸ್ ವಾರ್ಫ್ ತಲೆಯ ಮೇಲೆ ನಿಂತಿತ್ತು. 1870ರಲ್ಲಿ ಚಹಾ ಇಡಲು ಕಟ್ಟಿದ್ದು, ಚರ್ಚಿನ ಹಾಗೆ ಚೂಪು ಕಮಾನು. 1972ರಲ್ಲಿ ಮನೆಗಳಾದವು, ಗೋದಾಮು ಮನೆಯಾದದ್ದರಲ್ಲಿ ಇದು ಮೊದಮೊದಲಿನದು. ಪ್ರತಿ ಅಂತಸ್ತಿಗೂ ಮೊದಲು ಸರಕು ಎಳೆದುಕೊಳ್ಳುವ ಬಾಗಿಲುಗಳಿದ್ದ ಜಾಗ ಈಗ ಬಾಲ್ಕನಿ. ಒಂದರಲ್ಲಿ ಬಟ್ಟೆ ಒಣಹಾಕಿದ್ದರು. ನನಗೆ ಅದನ್ನು ನೋಡಿ ಯಾಕೋ ಸಮಾಧಾನ ಆಯಿತು.

1598ರಲ್ಲಿ ಜಾನ್ ಸ್ಟೋ ಎಂಬವನು ಈ ಬೀದಿಯನ್ನು ಹೊಲಸು, ಇಕ್ಕಟ್ಟಾದ ಓಣಿ ಅಂತ ಬರೆದಿದ್ದ. ನಾವಿಕರಿಗೆ ಸಾಮಾನು ಒದಗಿಸುವವರ ಗುಡಿಸಲುಗಳೇ ತುಂಬಿದ್ದವಂತೆ. ಹಗ್ಗದವರು, ಹಾಯಿ ಹೊಲಿಯುವವರು, ಕೂವೆಕಂಬ ಮಾಡುವವರು, ಹಡಗಿಗೆ ಬಿಸ್ಕತ್ತು ಸುಡುವವರು, ದಿಕ್ಸೂಚಿ ಮಾರುವವರು. ಹೊಲಸು ಹೋಯಿತು, ಒಳ್ಳೆಯದೇ. ಅದರ ಜೊತೆ ಅಷ್ಟೂ ಕಸುಬು ಹೋಯಿತು.

"ಮಾಮಾ, ಕಾರವಾರದಲ್ಲಿ ಕಿಡ್ ಬಂದ ಜಾಗಕ್ಕೆ ಬೋರ್ಡ್ ಇದೆಯಾ?"

ನಾನು ನೋಡಿಲ್ಲ ಅಂದೆ. ಹಳೇ ಕಾರವಾರ ಈಗಿನ ಪೇಟೆಯಿಂದ ಒಳಗೆ, ಕಾಳಿ ನದಿಯ ದಂಡೆಯಲ್ಲಿ ಕಡವಾಡದ ಕಡೆ ಇತ್ತು. ಈಗಿನ ಪೇಟೆ ಬೆಳೆದದ್ದು 1862ರ ಮೇಲೆ, ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯಕ್ಕೆ ಸೇರಿದ ನಂತರ. ಅಂದರೆ ನಮ್ಮದೂ ನದಿ ದಂಡೆಯ ಒಂದು ಹೋದ ಪೇಟೆಯೇ. ನಾನು ಒಂದು ಸಲ ಬೈಕಿನಲ್ಲಿ ಕೋಠಿ ಹುಡುಕಿಕೊಂಡು ಹೋಗಿದ್ದೆ. ತೆಂಗಿನ ತೋಟ, ಗದ್ದೆ, ಒಂದು ಹೊಟೇಲಿನಲ್ಲಿ ಚಹಾ, ವಾಪಸ್ಸು. ಚಹಾ ಕೊಟ್ಟವರಿಗೆ ಕಿಡ್ ಅಂದರೆ ಯಾರು ಅಂತ ಗೊತ್ತಿರಲಿಲ್ಲ, ಯಾವ ಊರಿನವರು ಅಂತ ಕೇಳಿದರು.

"ನಾನು ಬಂದಾಗ ಹೋಗೋಣ" ಅಂದ. ಡಿಸೆಂಬರಿಗೆ ಬರುತ್ತಾರೆ. ಆಯಿತು ಅಂದೆ.

ಹತ್ತೂವರೆ ಹೊತ್ತಿಗೆ ಕಲ್ಲುಗಳ ನಡುವೆ ಸಣ್ಣ ಸಣ್ಣ ಸದ್ದು ಶುರುವಾಯಿತು. ನೀರು ತಿರುಗಿತ್ತು. ಪೊಲೀಸರ ದೋಣಿಯೊಂದು ಹೋಯಿತು, ಅದರ ಅಲೆ ಕಾಲಿನ ಹತ್ತಿರ ಬಂತು. ಮೆಟ್ಟಿಲು ಹತ್ತಿ ಅರ್ಧಕ್ಕೆ ನಿಂತು ಕೆಳಗೆ ನೋಡಿದೆವು. ಕೊಳವೆ ತುಂಡು ಇದ್ದ ಜಾಗ ಇನ್ನೂ ಒಣಗಿತ್ತು. ಹುಡುಗ ಅದು ಮುಳುಗುವ ತನಕ ನಿಲ್ಲೋಣ ಅಂದ. ನಿಂತೆವು. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ತಂಗಿ ಫೋನ್ ಮಾಡಿ, ಬರುವಾಗ ಸ್ಟೇಷನ್ ಹತ್ತಿರದ ಅಂಗಡಿಯಿಂದ ಬಂಗಡೆ ತರಲು ಹೇಳಿದಳು, ಫ್ರಿಜ್ಜಿನದ್ದಾದರೂ ಪರವಾಗಿಲ್ಲವಂತೆ.